ಆಕಾಶದ ಚಕ್ಕುಬಂದಿ

ಹೊನ್ನಾಳಿ, 25 ನವೆಂಬರ್ 2025, ಮಂಗಳವಾರ

ನಿನ್ನೆ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಾನು ವಿಮಾನದ ಕೊನೆಯ ಸಾಲಿನಲ್ಲಿ ಫೋನು ಹಿಡಿದುಕೊಂಡು ಪೆದ್ದಿಯ ಹಾಗೆ ಕೂತಿದ್ದೆ. ಅದೇ ಹೊತ್ತಿಗೆ ಚನ್ನಗಿರಿಯಲ್ಲಿ ನನ್ನ ತಮ್ಮ ಸತೀಶನ ಮಗಳಿಗೆ ಪಕ್ಕದ ಮನೆಯ ಪುಷ್ಪಾ ಹೆಸರಿಟ್ಟಳು. ಸೋದರತ್ತೆ ಇರುವಾಗ ಪಕ್ಕದ ಮನೆಯವಳು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಕೂಸು ಅದು, ನನಗಿರುವುದು ಒಬ್ಬನೇ ತಮ್ಮ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾವು ಹನ್ನೆರಡು ಜನ ಹೆಂಗಸರು ಕಾಶಿಗೆ ಹೋಗಿದ್ದೆವು. ಭಾನುವಾರ ವಾಪಸು ಬರಬೇಕಿದ್ದ ವಿಮಾನ ಕೆಟ್ಟು ನಿಂತಿತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಕಂಪನಿಯ ವಿಮಾನದಲ್ಲಿ ಜಾಗ ಸಿಕ್ಕಿತು. ಮುಹೂರ್ತ ಹನ್ನೆರಡು ಹತ್ತಕ್ಕೆ. ಮಗು ಎಂಟನೇ ತಿಂಗಳಿಗೇ ಹುಟ್ಟಿದ್ದು, ತೂಕ ಏರಲಿ ಅಂತ ನಾಲ್ಕು ತಿಂಗಳು ಕಾದು ಇಟ್ಟ ದಿನ. ಅಡಿಗೆಯವರು ಬಂದಾಗಿತ್ತು, ಮುಂದೂಡು ಅನ್ನಲು ಬಾಯಿ ಬರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಆ ವಿಮಾನದವರ ಜಾಹೀರಾತು. ‘ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ತನಕ ನಿಮ್ಮವರೊಂದಿಗೆ ಮಾತಾಡಿ, ನಿಮ್ಮವರನ್ನು ನೋಡಿ.’ ದುಡ್ಡು ಕಟ್ಟಿ ಇಂಟರ್ನೆಟ್ ತಗೊಂಡೆ. ಸತೀಶನಿಗೆ ಹೇಳಿದೆ, “ಫೋನು ಕೂಸಿನ ಕಿವಿ ಹತ್ರ ಹಿಡಿಯೋ, ಹೆಸರು ನಾನೇ ಹೇಳ್ತೀನಿ.” ಏನು ಹೆಸರು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮಲ್ಲಿ ಅತ್ತೆ ಆರಿಸಿದ ಹೆಸರನ್ನು ಮೊದಲು ಕೇಳುವುದು ಮಗುವಿನ ಕಿವಿಯೇ.

ಹನ್ನೊಂದು ಐವತ್ತೆರಡರ ತನಕ ಎಲ್ಲ ಸರಿಯಾಗಿತ್ತು. ತೊಟ್ಟಿಲು ಕಂಡಿತು, ಹಸಿರು ಸೀರೆಯಲ್ಲಿ ತಮ್ಮನ ಹೆಂಡತಿ ವಾಣಿಶ್ರೀ ಕಂಡಳು. ಆಮೇಲೆ ಚಿತ್ರ ನಿಂತಿತು. ಫೋನು ಆರಿಸಿ ಹಚ್ಚಿದೆ, ಗಗನಸಖಿಯನ್ನು ಕರೆದೆ. ಆ ಹುಡುಗಿ ನಕ್ಕೊಂಡು, “ಈ ಭಾಗದಲ್ಲಿ ಬರಲ್ಲ ಮೇಡಂ, ಯಾವಾಗಲೂ ಹೀಗೇ” ಅಂದಳು. ಯಾವಾಗಲೂ ಹೀಗೇ ಆದರೆ ಮಾರುವಾಗ ಹೇಳಬೇಡವೇ. ಹನ್ನೆರಡೂವರೆ ದಾಟಿದ ಮೇಲೆ ಮತ್ತೆ ಬಂದಾಗ ಪುಷ್ಪಾ ಮಗುವಿನ ಕಿವಿಯಲ್ಲಿ ಕುರ್ರ್ ಅಂದು, ಹೆಸರು ಉಸುರಿ, ಎಲ್ಲರ ಕೈಲೂ ಬೆನ್ನಿಗೆ ಗುದ್ದಿಸಿಕೊಂಡೂ ಆಗಿತ್ತು. ಚಿನ್ಮಯಿ ಅಂತೆ.

ಬೆಂಗಳೂರಿನಲ್ಲಿ ಇಳಿದವಳೇ ಫೋನು ಮಾಡಿದೆ. ವಾಣಿಶ್ರೀ ಎತ್ತಿದಳು. ಸಿಟ್ಟು ಮಾಡಲಿಲ್ಲ, ಅತ್ತಿದ್ದರೂ ವಾಸಿಯಿತ್ತು. “ನಿಮಗೆ ಇಷ್ಟ ಇರಲಿಲ್ಲ ಅಂದ್ರೆ ಹೇಳಬಹುದಿತ್ತು ಅಕ್ಕ” ಅಂದು ಇಟ್ಟುಬಿಟ್ಟಳು.

ಅಂದರೆ ನಾನು ಬೇಕೆಂದೇ ಕಾಲ್ ಕಟ್ ಮಾಡಿದೆ ಅಂತ ಅವಳ ಲೆಕ್ಕ. ಆಗಲಿ. ಇಪ್ಪತ್ತೆರಡು ವರ್ಷದಿಂದ ಹೊನ್ನಾಳಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುತ್ತ ಕೂತಿರುವವಳು ನಾನು, ಬಾಯಿಮಾತಿಗೆ ಬೆಲೆಯಿಲ್ಲ ಅನ್ನುವುದು ನನಗೆ ಗೊತ್ತಿಲ್ಲವೇ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇಂಟರ್ನೆಟ್ ಇರಲಿಲ್ಲ ಅಂತ ವಿಮಾನದವರೇ ಬರೆದುಕೊಡಬೇಕು, ಸಹಿ, ಮೊಹರು ಸಮೇತ. ಅದನ್ನು ತಂದು ವಾಣಿಶ್ರೀಯ ಕೈಯಲ್ಲಿಡುತ್ತೇನೆ.

27 ನವೆಂಬರ್, ಗುರುವಾರ

ವಿಮಾನದವರ ಸಹಾಯವಾಣಿಗೆ ನಾಲ್ಕು ಸಲ ಫೋನು ಮಾಡಿದೆ. ಮೂರು ಸಲ ಹಾಡು ಕೇಳಿಸಿದರು. ನಾಲ್ಕನೆಯ ಸಲ ಒಬ್ಬ ಹುಡುಗ ಸಿಕ್ಕಿದ, ಪಾಪ ಕನ್ನಡದವನೇ. “ನಿಮ್ಮ ದುಡ್ಡು ವಾಪಸ್ ಬರುತ್ತೆ ಮೇಡಂ, ಏಳು ದಿನ” ಅಂದ.

“ದುಡ್ಡು ನೀವೇ ಇಟ್ಕಳ್ರಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ, ಎಲ್ಲಿಂದ ಎಲ್ಲಿ ತನಕ ನೆಟ್ ಇರಲಿಲ್ಲ ಅಂತ ಬರೆದುಕೊಡ್ರಿ.”

ಅವನು ಮತ್ತೆ ಏಳು ದಿನ ಅಂತಲೇ ಹೇಳಿದ. ದುಡ್ಡು ಬೇಡ ಅಂದವರಿಗೆ ಏನು ಹೇಳಬೇಕು ಅಂತ ಅವರಿಗೆ ಕಲಿಸಿಲ್ಲ ಅಂತ ಕಾಣುತ್ತದೆ. ಕೊನೆಗೆ, ಅಂಥ ಮಾಹಿತಿ ಹೊರಗೆ ಕೊಡೋ ಹಾಗಿಲ್ಲ ಅಂದ. ನಾನೇ ಆ ವಿಮಾನದ ಒಳಗೆ ಕೂತಿದ್ದೆ ಮಾರಾಯ, ಹೊರಗಿನವಳು ಹೇಗಾದೆ ಅಂದೆ. ಮತ್ತೆ ಹಾಡು ಹಾಕಿದ.

ನಮ್ಮವರು ಕೇಳಿಸಿಕೊಂಡು ನಗುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು, ಹೆಸರು ಕೊಟ್ರೇಶ್, ನಾನು ಯಾರ ಜೊತೆ ಜಗಳಕ್ಕೆ ನಿಂತರೂ ಅವರಿಗೆ ಪುಕ್ಕಟೆ ನಾಟಕ. ನಗಲಿ.

3 ಡಿಸೆಂಬರ್, ಬುಧವಾರ

ಮೇಲ್ ಬಂತು. ವಿಷಾದಿಸುತ್ತಾರಂತೆ. ‘ಕೆಲವು ಪ್ರದೇಶಗಳ ಮೇಲೆ ಸೇವೆ ಲಭ್ಯವಿಲ್ಲದಿರಬಹುದು’ ಎಂದು ನಿಯಮಗಳ ಹನ್ನೊಂದನೇ ಪುಟದಲ್ಲಿ ಮೊದಲೇ ತಿಳಿಸಿದ್ದಾರಂತೆ.

ಓದಿ ಮೈಯೆಲ್ಲ ಉರಿಯಿತು. ಕೆಲವು ಪ್ರದೇಶ ಅಂದರೆ ಯಾವುದು? ಹೊನ್ನಾಳಿಯಲ್ಲಿ ಒಂದು ಗುಂಟೆ ಜಾಗ ಮಾರಬೇಕಾದರೂ ನಾನು ಚಕ್ಕುಬಂದಿ ಬರೆಯುತ್ತೇನೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೆನಕಪ್ಪನವರ ಮನೆಯ ಗೋಡೆ, ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ತಿಪ್ಪೇಶಪ್ಪನ ಖಾಲಿ ನಿವೇಶನ, ಈ ನಾಲ್ಕರ ಮಧ್ಯದಲ್ಲಿರುವ ಸ್ವತ್ತು. ಎಲ್ಲಿಯವರೆಗೆ ನಿನ್ನದು, ಎಲ್ಲಿಂದಾಚೆ ನಿನ್ನದಲ್ಲ ಅಂತ ಕೊಳ್ಳುವವನಿಗೆ ಬೆರಳು ಮಾಡಿ ತೋರಿಸಬೇಕು. ಇವರು ನೋಡಿದರೆ ಇಡೀ ಆಕಾಶವನ್ನೇ ಚಕ್ಕುಬಂದಿ ಇಲ್ಲದೆ ಮಾರುತ್ತಿದ್ದಾರೆ.

‘ಇಲ್ಲದಿರಬಹುದು’ ಎಂಬ ಮಾತು ನನ್ನ ಮೇಜಿನ ಮೇಲೆ ನಡೆಯುವುದಿಲ್ಲ. ಈ ಜಮೀನಿನ ಮೇಲೆ ಸಾಲ ಇಲ್ಲದಿರಬಹುದು ಅಂತ ಬರೆದರೆ ಯಾರು ಕೊಳ್ಳುತ್ತಾರೆ? ಹಾಗಂತಲೇ ಉತ್ತರ ಬರೆದು ಕಳಿಸಿದೆ.

14 ಡಿಸೆಂಬರ್, ಭಾನುವಾರ

ಚನ್ನಗಿರಿಗೆ ಹೋಗಿ ಬಂದೆವು. ಮಗುವಿಗೆ ಮಾಡಿಸಿದ್ದ ಬೆಳ್ಳಿ ಕಾಲ್ಗಡಗ ಕೊಡುವುದು ಬಾಕಿಯಿತ್ತು.

ಸತೀಶ ಎಂದಿನಂತೆ ಅಡಿಕೆ ಸುಲಿಯುವ ಮೆಷಿನ್ನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ಅವನ ರಿಪೇರಿ ಅಂಗಡಿ ಇರುವುದು ಮನೆಯ ಮುಂದಿನ ಬಾಡಿಗೆ ಶೆಡ್ಡಿನಲ್ಲೇ. “ಬಾ ಅಕ್ಕ, ಭಾವ ಬರ್ರಿ” ಅಂದ, ಕೈತುಂಬ ಗ್ರೀಸು. ಅವನಿಗೆ ನನ್ನ ಮೇಲೆ ಏನೂ ಇಲ್ಲ. ವಾಣಿಶ್ರೀಯೂ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಕಾಫಿ ಕೊಟ್ಟಳು, ಮಂಡಕ್ಕಿ ಮೆಣಸಿನಕಾಯಿ ಮಾಡಿದ್ದಳು, ಉಂಡುಕೊಂಡೇ ಹೋಗ್ರಿ ಅಂದಳು. ಮಗುವನ್ನು ಮಾತ್ರ ನನ್ನ ಮಡಿಲಿಗೆ ಹಾಕಲಿಲ್ಲ.

“ಈಗ ತಾನೇ ಮಲಗೈತೆ ಅಕ್ಕ.”

ತೊಟ್ಟಿಲ ಹತ್ತಿರ ಹೋಗಿ ನೋಡಿದರೆ ಕೂಸು ಕಣ್ಣು ಬಿಟ್ಟುಕೊಂಡು ಕೈ ಚೀಪುತ್ತಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಕಾಲ್ಗಡಗವನ್ನು ದೇವರ ಗೂಡಿನಲ್ಲಿಟ್ಟು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರು ಮೆಲ್ಲಗೆ ತೆಗೆದರು. “ಪ್ರೇಮಾ, ಆ ಕಾಗದದ ಸುದ್ದಿ ಅವಳಿಗೆ ಗೊತ್ತಾಗೈತೇನು?”

ಯಾವ ಕಾಗದ ಅಂದೆ. ಗೊತ್ತಿದ್ದೇ ಅಂದೆ.

ಎಂಟು ವರ್ಷದ ಹಿಂದಿನ ಮಾತು. ಅವ್ವ ಮೊಮ್ಮಗುವಿನ ಮುಖ ನೋಡದೆ ಹೋದಳಲ್ಲ ಎಂಬ ಸಂಕಟದಲ್ಲಿ ಬರೆದದ್ದು. ಸತೀಶ ಮತ್ತು ವಾಣಿಶ್ರೀ ಪರಸ್ಪರ ಒಪ್ಪಿ ಬೇರೆಯಾಗುವ ಕರಾರಿನ ಕರಡು, ಎರಡು ಹಾಳೆ. ಸತೀಶನಿಗೆ ತೋರಿಸೋಣ ಅಂತ ಅವನ ಅಂಗಡಿ ಕರಾರಿನ ಹಸಿರು ಫೈಲಿನಲ್ಲಿಟ್ಟುಕೊಂಡು ಹೋಗಿದ್ದೆ. ತೋರಿಸಲಿಲ್ಲ. ಫೈಲು ಅಲ್ಲೇ ಉಳಿಯಿತು. ಅಷ್ಟೇ. ಯಾರೂ ಸಹಿ ಹಾಕಿಲ್ಲ, ಸ್ಟ್ಯಾಂಪ್ ಇಲ್ಲ, ದಿನಾಂಕ ಇಲ್ಲ. ಕಾನೂನಿನ ಕಣ್ಣಿಗೆ ಅದು ಕಾಗದವೇ ಅಲ್ಲ ಅಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.

15 ಡಿಸೆಂಬರ್, ಸೋಮವಾರ

ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧವಾಯಿತು. ಏಳು ಪುಟ. ವಕೀಲರು ಬೇಡ, ನಾನೇ ವಾದಿಸುತ್ತೇನೆ. ಪರಿಹಾರದ ಕಾಲಮ್ಮಿನಲ್ಲಿ ದುಡ್ಡಿನ ಜಾಗಕ್ಕೆ ಗೀಟು ಎಳೆದು ‘ಸತ್ಯವನ್ನು ಲಿಖಿತವಾಗಿ ಕೊಡಿಸಿ’ ಎಂದು ಬರೆದೆ. ಓದಿ ನೋಡಿದೆ, ಚೆನ್ನಾಗಿದೆ.

9 ಜನವರಿ 2026, ಶುಕ್ರವಾರ

ನ್ಯಾಮತಿ ಕಡೆಯಿಂದ ದುರುಗಕ್ಕ ಅಂತ ಒಬ್ಬ ಮುದುಕಿ ಬಂದಿದ್ದಳು. ತವರಿನ ಜಮೀನಿನಲ್ಲಿ ತನ್ನ ಹಕ್ಕನ್ನು ಅಣ್ಣನ ಮಕ್ಕಳಿಗೆ ಬಿಟ್ಟುಕೊಡುವ ಪತ್ರ. ಹೆಬ್ಬೆಟ್ಟಿನವಳು. ಅಣ್ಣನ ಮಕ್ಕಳು ಇಬ್ಬರು ಬೈಕಿನ ಕೀಲಿ ತಿರುಗಿಸುತ್ತ ಅವಸರ ಮಾಡುತ್ತಿದ್ದರು.

ಈಚೆಗೆ ನಾನು ಪತ್ರಗಳನ್ನು ಗಟ್ಟಿಯಾಗಿ ಓದುವುದು ಕಡಿಮೆಯಾಗಿತ್ತು ಅನ್ನುವುದು ನಿಜ. ‘ಓದಿಸಿ ಕೇಳಿ ಒಪ್ಪಿ ಬರೆಸಿಕೊಟ್ಟ ಪತ್ರ’ ಅಂತ ಕೊನೆಯ ಸಾಲು ಕಂಪ್ಯೂಟರಿನಲ್ಲಿ ತಾನಾಗಿಯೇ ಬೀಳುತ್ತದೆ, ಓದಿದರೂ ಬೀಳುತ್ತದೆ, ಓದದಿದ್ದರೂ ಬೀಳುತ್ತದೆ. ಇವತ್ತು ಮಾತ್ರ ವಿಮಾನದವರ ಮೇಲಿನ ಸಿಟ್ಟೋ ಏನೋ, ಮೊದಲಿಂದ ಕೊನೆಯ ತನಕ ಒಂದಕ್ಷರ ಬಿಡದೆ ಓದಿದೆ.

ದುರುಗಕ್ಕ ತಲೆ ಅಲ್ಲಾಡಿಸುತ್ತ ಕೇಳಿದಳು. ಮುಗಿದ ಮೇಲೆ, “ಇದ್ರಾಗೆ ಏನೇನು ಐತೆ ಅನ್ನಾದು ತಿಳೀತು ಕಣವ್ವ. ಏನು ಇಲ್ಲ ಅನ್ನಾದನ್ನ ಒಂದೀಟು ಓದು” ಅಂದಳು.

ನನಗೆ ನಗು ಬಂತು. ಇಲ್ಲದ್ದನ್ನು ಹೆಂಗೆ ಓದಲಿ ಅಜ್ಜಿ ಅಂದೆ.

“ನಾನು ಸಾಯಾ ತನಕ ಆ ಮನ್ಯಾಗೆ ನಂಗೊಂದು ಮೂಲೆ ಕೊಡ್ತೀವಿ ಅಂತ ಬಾಯಾಗೆ ಹೇಳಿದ್ರು. ಅದು ಬಂದಿಲ್ಲ.”

ಹುಡುಗರು ಕೀಲಿ ತಿರುಗಿಸುವುದನ್ನು ನಿಲ್ಲಿಸಿದರು. ಅದನ್ನು ಸೇರಿಸಿ ಮತ್ತೆ ಪ್ರಿಂಟ್ ತೆಗೆದೆ. ಅವರ ಮುಖ ಹುಳ್ಳಗಾಯಿತು, ಆಗಲಿ ಬಿಡು. ಇವತ್ತಿನಿಂದ ಪ್ರತಿ ಪತ್ರವನ್ನೂ ಓದುತ್ತೇನೆ, ಎಷ್ಟು ಹೊತ್ತಾದರೂ ಸರಿ.

28 ಜನವರಿ, ಬುಧವಾರ

ವಿಮಾನದವರ ತಕರಾರು ಬಂತು. ಇಪ್ಪತ್ತಮೂರು ಪುಟ. ಸಾರಾಂಶ ಒಂದೇ: ದೂರುದಾರಳು ‘ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕಿದ್ದಾಳೆ. ಜೊತೆಗೆ ಒಂದು ಚುಚ್ಚು: ದೂರುದಾರಳು ವೃತ್ತಿಯಲ್ಲಿ ಪತ್ರ ಬರಹಗಾರಳಾಗಿದ್ದು, ಸಹಿಯ ಮಹತ್ವವನ್ನು ಬಲ್ಲವಳಾಗಿರುತ್ತಾಳೆ.

ಚೆನ್ನಾಗಿ ಬರೆದಿದ್ದಾರೆ. ಬರೆದವನು ಬುದ್ಧಿವಂತ. ಗುರುತು ಹಾಕಿದ್ದು ಹೌದು. ಓದಿರಲಿಲ್ಲ ಅನ್ನುವುದೂ ಹೌದು.

11 ಫೆಬ್ರವರಿ, ಬುಧವಾರ

ದಾವಣಗೆರೆಯಲ್ಲಿ ಮೊದಲ ವಿಚಾರಣೆ. ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ನಮ್ಮವರು ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಬಂದು ಕೂತರು, ನಾಟಕ ನೋಡಲು.

ವಿಮಾನದವರ ವಕೀಲ ಎಳೆಯ ಪ್ರಾಯದವನು, ಕೋಟು ಅವನಿಗಿಂತ ದೊಡ್ಡದು. ಎದ್ದು ನಿಂತು ನೇರವಾಗಿ ನನ್ನನ್ನೇ ಕೇಳಿದ. “ನಿಯಮಗಳನ್ನ ಓದಿದ್ದೀರಾ ಮೇಡಂ? ಹೌದು ಅಥವಾ ಇಲ್ಲ ಅಂತ ಹೇಳಿ ಸಾಕು.”

ಹೌದು ಅಂದರೆ ದೂರು ಬೀಳುತ್ತದೆ. ಇಲ್ಲ ಅಂದರೆ ಇಪ್ಪತ್ತೆರಡು ವರ್ಷದ ನನ್ನ ಕಸುಬಿನ ಮಾನ ಹೋಗುತ್ತದೆ. ಬಸ್ಸಿನಲ್ಲಿ ಬರುವಾಗ ನಾನು ಇನ್ನೊಂದು ಉತ್ತರ ಕಟ್ಟಿಕೊಂಡಿದ್ದೆ, ಫೋನಿನಲ್ಲಿ ಅಕ್ಷರ ಸಣ್ಣದು, ನನಗೆ ಚಾಳೀಸು, ಹಾಗೆ ಹೀಗೆ. ಬಾಯಿ ತೆರೆದಾಗ ಬಂದದ್ದು ಬೇರೆ.

“ಓದಿಲ್ಲ. ಓದದೆ ಒಪ್ಪಿದ್ದೀನಿ ಅಂತ ಒತ್ತಿದೆ. ಅದು ನನ್ನ ತಪ್ಪು, ಬರ್ಕಳ್ರಿ. ಈಗ ನಿಮ್ಮ ತಪ್ಪಿಗೆ ಬರೋಣ.”

ಆಯೋಗದ ಅಧ್ಯಕ್ಷರು ಕನ್ನಡಕ ಮೇಲೆ ಮಾಡಿ ನನ್ನ ಕಡೆ ನೋಡಿದರು. ನಾನು ನಿಲ್ಲಿಸಲಿಲ್ಲ. “ಸ್ವಾಮಿ, ಇವರ ಗಗನಸಖಿಗೆ ಗೊತ್ತು, ಆ ಜಾಗದಾಗೆ ಯಾವಾಗಲೂ ನೆಟ್ ಬರಲ್ಲ ಅಂತ. ವಿಮಾನ ಓಡಿಸೋರಿಗೂ ಗೊತ್ತು. ಗೊತ್ತಿಲ್ಲದೆ ಇರೋಳು ದುಡ್ಡು ಕೊಟ್ಟೋಳು ಒಬ್ಬಳೇ. ಇವರು ಸುಳ್ಳು ಹೇಳಿದ್ರು ಅಂತ ನಾನು ಅನ್ನಾಕಿಲ್ಲ. ಹೇಳಬೇಕಾದ್ದನ್ನ ಹೇಳದಲೆ ಸುಮ್ಮನಿದ್ರು. ಅವರು ಸುಮ್ಮನಿದ್ದಿದ್ದಕ್ಕೆ ನನ್ನ ತಮ್ಮನ ಮನ್ಯಾಗೆ ಅರವತ್ತು ಜನ ಫೋನಿನ ಸುತ್ತ ನಿಂತು ಕಾದರು.”

ಅಧ್ಯಕ್ಷರು, “ಇಬ್ಬರೂ ಕೂತು ಮಾತಾಡಿಕೊಳ್ಳಿ, ಮಧ್ಯಸ್ಥಿಕೆಗೆ ಕಳಿಸ್ತೀನಿ” ಅಂದರು. ವಕೀಲ ಹೊರಗೆ ಸಿಕ್ಕಿ, “ನಿಮ್ಮಂಥೋರು ಓದಿಲ್ಲ ಅಂತ ಒಪ್ಪಿಕೊಳ್ತಾರೆ ಅಂದ್ಕೊಂಡಿರಲಿಲ್ಲ” ಅಂದ.

ಬೆಣ್ಣೆದೋಸೆ ತಿಂದು ಬಂದೆವು. ಮಾಮೂಲಿಯಾಗಿ ಎರಡು ತಿನ್ನುವವಳು, ಇವತ್ತು ಒಂದೇ ಸಾಕು ಅನ್ನಿಸಿತು.

13 ಫೆಬ್ರವರಿ, ಶುಕ್ರವಾರ

ಚನ್ನಗಿರಿಯಲ್ಲಿ ಒಬ್ಬರ ವಿಭಾಗಪತ್ರದ ಕೆಲಸವಿತ್ತು. ಅಂಗಡಿಯ ಕರಾರು ನವೀಕರಿಸಬೇಕಲ್ಲ ಅಂತ ನೆವ ಹೇಳಿ ಸತೀಶನ ಕೈಲಿ ಹಸಿರು ಫೈಲು ತರಿಸಿದೆ. ಕರಾರು ಇತ್ತು, ಕರೆಂಟಿನ ರಸೀದಿ ಇತ್ತು, ಅವ್ವನ ಮರಣಪತ್ರ ಇತ್ತು. ಆ ಎರಡು ಹಾಳೆ ಇರಲಿಲ್ಲ.

“ಏನು ಹುಡುಕ್ತಿ ಅಕ್ಕ?” ಅಂದ. ಏನಿಲ್ಲ ಅಂದೆ. ಯಾರೋ ರದ್ದಿಗೆ ಹಾಕಿರಬೇಕು. ಎಂಟು ವರ್ಷದಲ್ಲಿ ಎಷ್ಟು ಕಾಗದ ಹೋಗಿರುವುದಿಲ್ಲ.

ವಾಣಿಶ್ರೀ ಅಡಿಗೆಮನೆಯಲ್ಲಿದ್ದಳು. ಹೊರಗೆ ಬರಲಿಲ್ಲ.

25 ಮಾರ್ಚ್, ಬುಧವಾರ

ಮಧ್ಯಸ್ಥಿಕೆ. ಉದ್ದನೆಯ ಮೇಜು, ಗೋಡೆಯ ಮೇಲೆ ಟೀವಿ, ಅದರಲ್ಲಿ ವಿಮಾನ ಕಂಪನಿಯ ದೊಡ್ಡ ಅಧಿಕಾರಿ, ನನ್ನದೇ ವಯಸ್ಸಿನ ಹೆಂಗಸು. ಅವಳದು ಹಿಂದಿ, ನನ್ನದು ಕನ್ನಡ, ಕೋಟಿನ ಹುಡುಗ ಮಧ್ಯೆ ನಿಂತು ಅತ್ತಿತ್ತ ದಾಟಿಸುತ್ತಿದ್ದ.

ಎಲ್ಲಿಗೆ ಬೇಕಾದರೂ ಹೋಗಿಬರಲು ಎರಡು ಟಿಕೆಟ್ ಕೊಡುತ್ತೇವೆ ಅಂದಳು. ಬೇಡ ಅಂದೆ. ನಾಲ್ಕು ಅಂದಳು. ಊರಿನ ಹೆಂಗಸರಿಗೆಲ್ಲ ಕೊಟ್ಟರೂ ಬೇಡ, ಚಕ್ಕುಬಂದಿ ಕೊಡಿ ಅಂದೆ. ಆ ಪದವನ್ನು ಹಿಂದಿಗೆ ತಿರುಗಿಸಲು ಹುಡುಗ ಒದ್ದಾಡಿಬಿಟ್ಟ. ಕಾಗದದ ಮೇಲೆ ಚೌಕ ಬರೆದು ತೋರಿಸಿದೆ. ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು, ಮಧ್ಯೆ ಎಲ್ಲಿ ನಿಮ್ಮ ನೆಟ್ ಸತ್ತು ಬಿದ್ದಿರುತ್ತದೆ, ಅಷ್ಟು ಹೇಳಿ.

ಅವಳು ಯಾರನ್ನೋ ಕರೆದಳು, ನಕ್ಷೆ ತರಿಸಿದಳು. ನಾಲ್ಕು ತಿಂಗಳು ಹೊರಗೆ ಕೊಡಬಾರದಾಗಿದ್ದ ಮಾಹಿತಿ ನಾಲ್ಕು ನಿಮಿಷಕ್ಕೆ ಬಂತು. ಉತ್ತರಕ್ಕೆ ನರ್ಮದೆ, ದಕ್ಷಿಣಕ್ಕೆ ಗೋದಾವರಿ. ಅವತ್ತು ಹನ್ನೊಂದು ಐವತ್ತೆರಡರಿಂದ ಹನ್ನೆರಡು ಮೂವತ್ತೊಂದರ ತನಕ. ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಎದ್ದು ಹೋಗಿ ನೀರು ಕುಡಿದು ಬಂದೆ.

ಆಮೇಲೆ ಒಕ್ಕಣೆಯ ಜಗಳ. ಟಿಕೆಟ್ ಕೊಳ್ಳುವ ಪುಟದಲ್ಲೇ, ಮೊದಲ ಸಾಲಿನಲ್ಲಿ, ಇದನ್ನು ಹಾಕಬೇಕು ಅಂದೆ. ಅವರು ‘ಸಿಗದಿರಬಹುದು’ ಅಂದರು, ನಾನು ‘ಸಿಗುವುದಿಲ್ಲ’ ಅಂದೆ. ಮುಕ್ಕಾಲು ಗಂಟೆ ಆ ಒಂದು ಮಾತಿನ ಮೇಲೆ ಹೋಯಿತು. ಕೊನೆಗೆ ‘ಸಿಗುವುದಿಲ್ಲ’ ಉಳಿಯಿತು.

ಎಲ್ಲ ಮುಗಿದ ಮೇಲೆ ಕೇಳಿದೆ, ಇಷ್ಟನ್ನ ಮೊದಲೇ ಒಪ್ಪಿಕೊಂಡಿದ್ದರೆ ನಿಮಗೇನು ನಷ್ಟ ಆಗುತ್ತಿತ್ತು? ಆ ಹೆಂಗಸು ನಕ್ಕಳು, ಕೆಟ್ಟವಳಲ್ಲ. ಸುಮ್ಮನಿದ್ದರೆ ಬಹಳಷ್ಟು ಜನ ಮರೆತುಬಿಡುತ್ತಾರೆ, ಅದು ನಮ್ಮ ಅನುಭವ ಅಂದಳು.

“ಯಾರೂ ಮರೆಯಾಕಿಲ್ಲ. ನೀವೇ ಹೇಳ್ತೀರೇನೋ ಅಂತ ಕಾಯ್ತಿರ್ತಾರೆ” ಅಂದೆ.

ಹುಡುಗ ಅದನ್ನು ಹಿಂದಿಯಲ್ಲಿ ಹೇಳಿದ. ಅವಳು ತಲೆಯಾಡಿಸಿದಳು. ನಾನು ಗೆದ್ದೆ, ಮೇಜಿನ ಸುತ್ತ ಎಲ್ಲರೂ ಕೈಕುಲುಕಿದರು. ಬಸ್ ಹತ್ತಿದ ಮೇಲೂ ಅದೇ ಮಾತು ಬಾಯಲ್ಲಿ ತಿರುಗುತ್ತಿತ್ತು. ಹೊನ್ನಾಳಿ ಬಂದದ್ದೇ ಗೊತ್ತಾಗಲಿಲ್ಲ, ನಮ್ಮವರು ಎಬ್ಬಿಸಿದರು. ನಿದ್ದೆ ಮಾಡಿರಲಿಲ್ಲ.

15 ಏಪ್ರಿಲ್, ಬುಧವಾರ

ಪತ್ರ ಬಂತು. ಸಹಿ ಇದೆ, ಮೊಹರು ಇದೆ. ಒಕ್ಕಣೆ ನನ್ನದೇ. ಐದು ಸಲ ಓದಿದೆ. ಭಾನುವಾರ ಚನ್ನಗಿರಿಗೆ ಹೋಗುತ್ತೇನೆ, ಒಬ್ಬಳೇ.

19 ಏಪ್ರಿಲ್, ಭಾನುವಾರ

ಹೋಗಿ ಬಂದೆ. ಇದನ್ನೂ ನಡೆದ ಹಾಗೆ ಬರೆದಿಡುತ್ತೇನೆ.

ಸತೀಶ ಶೆಡ್ಡಿನಲ್ಲಿ ಯಾರದೋ ಮೆಷಿನ್ ಬಿಚ್ಚಿಕೊಂಡು ಕೂತಿದ್ದ. ವಾಣಿಶ್ರೀ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪಡಸಾಲೆಯಲ್ಲಿದ್ದಳು. ಪತ್ರ ಕೊಟ್ಟೆ. ಎರಡು ಸಲ ಓದಿದಳು. ಮಗು ಅದನ್ನು ಕಿತ್ತುಕೊಳ್ಳಲು ಕೈ ಚಾಚುತ್ತಿತ್ತು.

“ನೆಟ್ ಹೋಗಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು ಅಕ್ಕ” ಅಂದಳು. “ನಿಮ್ಮ ಮುಖ ಬಾಯಿ ತೆಗೆದ ಹಂಗೇ ನಿಂತುಬಿಡ್ತು. ಬೇಕು ಅಂತ ಕಟ್ ಮಾಡಿದೋರ ಮುಖ ಹಂಗೆ ನಿಲ್ಲಾಕಿಲ್ಲ.”

ಐದು ತಿಂಗಳ ನನ್ನ ಓಡಾಟ ಹೀಗೆ ಒಂದು ಮಾತಿನಲ್ಲಿ ಮುಗಿಯಿತು. “ಮತ್ತೆ ಇಷ್ಟ ಇರಲಿಲ್ಲ ಅಂದ್ರೆ ಹೇಳಬಹುದಿತ್ತು ಅಂದೆಯಲ್ಲ ವಾಣಿ?”

“ಹೆಸರಿಡಾಕೆ ಇಷ್ಟ ಇರಲಿಲ್ಲ ಅಂತ ಅಲ್ಲ. ನಾನೇ ಇಷ್ಟ ಇಲ್ಲ ಅನ್ನಾದನ್ನ ಹೇಳಬಹುದಿತ್ತು ಅಂತ. ಅವತ್ತು ಹೆಂಗೋ ಬಾಯಿಗೆ ಬಂದುಬಿಡ್ತು.”

ಒಳಗೆ ಹೋದಳು. ಬರುವಾಗ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆಗಳಿದ್ದವು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಮಡಿಕೆಯ ಗೆರೆಗಳು ಸವೆದು ಕಾಗದ ಹರಿಯುವ ಹಾಗಾಗಿತ್ತು. ಎಷ್ಟು ಸಲ ತೆಗೆದು ಓದಿದ್ದಾಳೋ.

“ಇದನ್ನ ನೀವಾಗೇ ಬರೆದ್ರಾ, ಇವರು ಬರೆಸಿದ್ರಾ? ಅಷ್ಟು ಹೇಳ್ರಿ ಸಾಕು. ನಂಗೆ ಬೇರೆ ಏನೂ ಬ್ಯಾಡ.”

ಈ ಕಾಗದದ ಮಾತು ಎಂದಾದರೂ ಬಂದರೆ ಹೇಳಬೇಕಾದ್ದನ್ನೆಲ್ಲ ನಾನು ಎಂಟು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬರೀ ಕರಡು, ಸಹಿ ಇಲ್ಲ, ಅವ್ವ ಹೋದ ದುಃಖ. ಈ ಪ್ರಶ್ನೆಯನ್ನು ಮಾತ್ರ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಇಷ್ಟು ವರ್ಷ ತಿಳಿಯದೆ ಕೂತಿದ್ದು ನನ್ನ ಮನಸ್ಸನ್ನಲ್ಲ, ತನ್ನ ಗಂಡನ ಮನಸ್ಸನ್ನು.

“ನಾನೇ ಬರೆದೆ” ಅಂದೆ. “ಸತೀಶ ಕೇಳಿಲ್ಲ. ಅವನಿಗೆ ಗೊತ್ತೇ ಇಲ್ಲ. ತೋರಿಸಬೇಕು ಅಂತಲೇ ತಂದೆ. ಅವತ್ತು ನಿನಗೆ ಜ್ವರ. ಅವನು ಒಲೆ ಮುಂದೆ ಕೂತು ನಿನಗೆ ಗಂಜಿ ಕಾಯಿಸ್ತಿದ್ದ, ಉಪ್ಪು ಎಷ್ಟು ಹಾಕಬೇಕು ಅಂತ ನನ್ನ ಕೇಳಿದ. ಅವನ ಮುಖ ನೋಡಿ ತೋರಿಸಾಕೆ ಆಗಲಿಲ್ಲ. ಫೈಲು ಇಲ್ಲೇ ಬಿಟ್ಟು ಓಡಿಹೋದೆ. ಬರೆದಿದ್ದು ತಪ್ಪು ವಾಣಿ. ಬಿಟ್ಟುಹೋಗಿದ್ದು ಅದಕ್ಕಿಂತ ತಪ್ಪು. ಕೇಳದೆ ಇದ್ರೆ ಇವತ್ತೂ ಹೇಳ್ತಿರಲಿಲ್ಲವೇನೋ.”

ವಾಣಿಶ್ರೀ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಎಂಟು ವರ್ಷ” ಅಂದಳು. “ಅವರು ಸೀರೆ ತಂದ್ರೆ, ಮನಸ್ಸಿನಾಗೆ ಕಳ್ಳ ಇರಾದಕ್ಕೆ ತಂದ್ರೇನೋ ಅಂದ್ಕಂತಿದ್ದೆ. ಸಿಟ್ಟು ಮಾಡಿದ್ರೆ, ಇವತ್ತು ಆ ಕಾಗದ ತೆಗೀತಾರೆ ಅಂತ ಕಾಯ್ತಿದ್ದೆ. ಈ ಕೂಸು ಹುಟ್ಟಿದಾಗ, ಸದ್ಯ ಇನ್ನು ಕಳಿಸಾಕಿಲ್ಲ ಅಂದ್ಕಂಡೆ ಅಕ್ಕ. ಹೆತ್ತ ಖುಷಿಗಿಂತ ಮೊದ್ಲು ಅದೇ ಬಂತು.”

ನನಗೆ ಅಳು ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಇಷ್ಟು ವರ್ಷ ಊರಿನವರ ಪತ್ರ ಬರೆದು ನ್ಯಾಯದ ಮಾತಾಡುವ ನನಗೆ ಮುಖ ಎತ್ತಲು ನಾಚಿಕೆಯಾಯಿತು. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಬಂದು ಮಗುವನ್ನು ನನ್ನ ಕೈಗೆ ಕೊಟ್ಟು, ಆ ಎರಡು ಹಾಳೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಶೆಡ್ಡಿಗೆ ಹೋದಳು.

ಕಿಟಕಿಯಿಂದ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಸತೀಶ ಹಾಳೆಗಳನ್ನು ಓದಿದ. ಸ್ಪ್ಯಾನರ್ ಕೆಳಗಿಟ್ಟ. ಮನೆಯ ಕಡೆ ಒಂದು ಸಲ ತಿರುಗಿ ನೋಡಿದ. ಆ ನೋಟಕ್ಕೆ ನಾನು ಯೋಗ್ಯಳೇ. ಆಮೇಲೆ ಗ್ರೀಸಿನ ಕೈಯಲ್ಲೇ ವಾಣಿಶ್ರೀಯ ಕೈ ಹಿಡಿದುಕೊಂಡು ಏನೋ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಚಿನ್ಮಯಿ ಅಷ್ಟು ಹೊತ್ತೂ ನನ್ನ ಕನ್ನಡಕ ಎಳೆಯುತ್ತ ಮಡಿಲಲ್ಲಿದ್ದಳು. ಗಟ್ಟಿ ಕೈ, ಬಿಡಿಸಿಕೊಳ್ಳುವುದು ಕಷ್ಟ.

ವಾಣಿಶ್ರೀ ಮುಖ ತೊಳೆದುಕೊಂಡು ಒಳಗೆ ಬಂದಳು. ಅಂಗೈಯಲ್ಲಿ ಕಪ್ಪು ಗ್ರೀಸು ಹಾಗೇ ಇತ್ತು. ಮಗುವನ್ನು ಎತ್ತಿಕೊಂಡಳು.

“ನಿಮ್ಮ ಮ್ಯಾಲಿನ ಸಿಟ್ಟು ಹೋತು ಅಂತ ತಿಳ್ಕಬ್ಯಾಡ್ರಿ ಅಕ್ಕ. ಹೋಗಿಲ್ಲ. ಅವರೂ ಇವತ್ತು ನಿಮ್ಮ ಹತ್ರ ಮಾತಾಡಾಕಿಲ್ಲ, ಸುಮ್ಮನೆ ಊರಿಗೆ ಹೋಗ್ರಿ” ಅಂದಳು. ನಾನು ಚೀಲ ತಗೊಂಡು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕರೆದಳು.

“ಗುರುವಾರ ಇವಳಿಗೆ ದಡಾರದ ಇಂಜೆಕ್ಷನ್ ಐತೆ. ಕೈಕಾಲು ಗಟ್ಟಿಯಾಗಿ ಹಿಡ್ಕಳಾಕೆ ಒಬ್ಬರು ಬೇಕು. ನಿಮ್ಮ ತಮ್ಮಗೆ ಸೂಜಿ ಕಂಡ್ರೆ ಆಗಾಕಿಲ್ಲ. ಬರ್ತೀರಾ?”

ಬರ್ತೀನಿ ಅಂದೆ.

ವಿಮಾನದವರ ಪತ್ರ ಅಲ್ಲೇ ಬಿಟ್ಟು ಬಂದೆ ಅಂತ ಬಸ್ಸಿನಲ್ಲಿ ನೆನಪಾಯಿತು. ಇರಲಿ. ಗುರುವಾರ ನನಗೆ ಎರಡು ನೋಂದಣಿ ಇದ್ದವು, ಇಬ್ಬರಿಗೂ ಫೋನು ಮಾಡಿ ಶುಕ್ರವಾರ ಬನ್ನಿ ಅಂದಿದ್ದೇನೆ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದರೆ ಒಂಬತ್ತೂವರೆಯ ಒಳಗೆ ಚನ್ನಗಿರಿಯಲ್ಲಿರುತ್ತೇನೆ.